ಚಾಕುವಿಗೆ ಹಿಡಿ ಕೂರಿಸುವ ಹೊನ್ನಕ್ಕನ ಹೊಟ್ಟೆಕಿಚ್ಚು

ಪಟ್ಟನಾಯಕನಹಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಪುಟ್ಟ ಊರು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಳದಲ್ಲಿ ಹೊನ್ನಕ್ಕ ಕಾಲು ಚಾಚಿ ಕೂತಿದ್ದಾರೆ. ಎರಡು ಪಾದಗಳ ನಡುವೆ ಒಂದು ಹಲಗೆ, ಹಲಗೆಗೆ ಬಿಗಿದ ಒಂದು ಚಾಕು. ಅಲಗಿಗೆ ಹಳೆಯ ಬಟ್ಟೆ ಸುತ್ತಿದೆ, ಹಿಡಿ ಮಾತ್ರ ಹೊರಗಿದೆ. ಅವರ ಕೈಯಲ್ಲಿರುವ ಅರ ಆ ಹಿಡಿಯ ಮೇಲೆ ಹೋಗಿ ಬರುತ್ತಿದೆ. ನಾಲ್ಕು ಸಲ ಉಜ್ಜುತ್ತಾರೆ, ನಿಲ್ಲಿಸುತ್ತಾರೆ, ಕಣ್ಣು ಮುಚ್ಚಿ ಹಿಡಿಯನ್ನು ಹಿಡಿದು ನೋಡುತ್ತಾರೆ. ಸೀರೆಯ ಮಡಿಲಲ್ಲೆಲ್ಲ ಕೆಂಪು ಮರದ ಪುಡಿ.

ಅಂಗಳದ ಆಚೆ ಬದಿಗೆ ತಗಡಿನ ಶೆಡ್ ಒಂದಿದೆ. ಅಲ್ಲಿಂದ ಇದ್ದಕ್ಕಿದ್ದಂತೆ ಯಂತ್ರದ ಸದ್ದು ಶುರುವಾಗುತ್ತದೆ. ಹೊನ್ನಕ್ಕನ ಕೈ ನಿಲ್ಲುತ್ತದೆ. ಶೆಡ್ಡಿನ ಕಡೆ ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ.

"ಎದ್ಲು ನೋಡಿ ಮಹಾರಾಣಿ. ಇನ್ನು ಮಧ್ಯಾನದ ಗಂಟ ಗುರ್ರ್ ಅಂತಾನೇ ಇರ್ತೈತೆ. ಆರ್ಡರ್ ಮೇಲೆ ಆರ್ಡರ್ ಅಲ್ವಾ ಅವ್ಳಿಗೆ!"

ಮಹಾರಾಣಿ ಎಂದರೆ ಅವರ ತಮ್ಮನ ಹೆಂಡತಿ ಲೋಹಿತಾ. ಇಬ್ಬರದ್ದೂ ಒಂದೇ ಕಸುಬು, ಚಾಕುವಿಗೆ ಹಿಡಿ ಮಾಡುವುದು. ಹೊನ್ನಕ್ಕ ಮರ ಮತ್ತು ಕೊಂಬಿನಲ್ಲಿ ಮಾಡುತ್ತಾರೆ, ಲೋಹಿತಾ ಫೈಬರಿನಲ್ಲಿ. ನಡುವೆ ಒಂದು ಅಂಗಳ, ಒಂದು ಬೇವಿನ ಮರ, ಒಂದು ನಲ್ಲಿ.

ಈ ಅಂಕಣಕ್ಕೆಂದು ಫೋನ್ ಮಾಡಿದಾಗಲೇ ಹೊನ್ನಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. "ಎಲೆಮರೆ ಕಾಯಿ ಅಂತ ಬರೀತೀರಂತೆ. ಮರೇಲಿ ಇರಬೇಕು ಅಂತ ನಾನೇನು ಹರಕೆ ಹೊತ್ತಿದ್ನಾ? ಎಲೆ ಅಡ್ಡ ಬಂದೈತೆ ಕಣಮ್ಮ. ಬಂದು ಆ ಎಲೆ ಯಾವ್ದು ಅಂತ ನೋಡ್ಕಂಡ್ ಹೋಗಿ." ಪ್ರಚಾರ ಬೇಡ ಎನ್ನುವವರನ್ನು ಒಪ್ಪಿಸಿ ಒಪ್ಪಿಸಿ ಬರೆದು ಅಭ್ಯಾಸವಾಗಿದ್ದ ನನಗೆ ಇದು ಹೊಸದು. ಮರುವಾರವೇ ಹೊರಟು ಬಂದೆ.

ಹೊನ್ನಕ್ಕನದು ಕುರಿ ಕಾಯುವ ಮನೆತನ. ತವರೂ ಗಂಡನ ಮನೆಯೂ ಒಂದೇ ಊರು. ಗಂಡ ಯತ್ತಪ್ಪ ಇವತ್ತಿಗೂ ಕುರಿಯ ಹಿಂದೆ ಹೋಗುತ್ತಾರೆ. ನಾನು ಹೋದ ದಿನವೂ ಹೆಗಲಿಗೆ ಕಂಬಳಿ ಹಾಕಿ, "ಅವಳ ಮಾತು ಮುಗಿಯೋದಿಲ್ಲ, ಊಟ ಮಾಡ್ಕಂಡೇ ಹೋಗಿ" ಎಂದಷ್ಟೇ ಹೇಳಿ ಹೊರಟರು. ಹಿಡಿ ಮಾಡುವುದನ್ನು ಹೊನ್ನಕ್ಕ ಕಲಿತದ್ದು ಅಪ್ಪನಿಂದ. ಕುರಿಗಾರರ ಮಚ್ಚು, ಹೆಂಗಸರ ಕುಡುಗೋಲು, ಉಣ್ಣೆಯ ಕತ್ತರಿ, ಯಾವುದರ ಹಿಡಿ ಸಡಿಲವಾದರೂ ಜನ ಅವರ ಮನೆಗೆ ತರುತ್ತಿದ್ದರು. ಗಂಡುಮಕ್ಕಳಿಗೆ ಕೂತು ಉಜ್ಜುವ ತಾಳ್ಮೆ ಇರಲಿಲ್ಲ. ಮಗಳಿಗೆ ಇತ್ತು. "ಅಪ್ಪ ಒಂದೇ ಮಾತು ಹೇಳ್ತಿದ್ದ. ಹಿಡಿ ಐತೆ ಅಂತ ಕೈಗೆ ಗೊತ್ತಾಗಬಾರ್ದು, ಅಂಗೆ ಮಾಡು ಅಂತ. ಅದು ಬರೋ ಹೊತ್ಗೆ ನಂಗೆ ಮದ್ವೆಯಾಗಿ ಎರಡು ಮಕ್ಳಾಗಿದ್ವು."

ಆಗ ಮಾಡುತ್ತಿದ್ದದ್ದೆಲ್ಲ ಸಂತೆಯ ಕೆಲಸ. ಅದನ್ನು ಬೇರೆ ಹಾದಿಗೆ ತಂದವರು ಮಧುಗಿರಿಯ ರೇಣುಕಪ್ರಸಾದ್. ಅವರ ಮನೆಯವರು ತಲೆಮಾರುಗಳಿಂದ ಕಬ್ಬಿಣದ ಸಾಮಾನಿನ ವ್ಯಾಪಾರಿಗಳು. ರೇಣುಕಪ್ರಸಾದ್ ಅಂಗಡಿಯ ಹಿಂದೆಯೇ ಒಂದು ಕಾರ್ಖಾನೆ ಮಾಡಿ, ಗಿರಾಕಿ ಹೇಳಿದ ಅಳತೆಗೆ ಚಾಕು ಮಾಡಿಕೊಡಲು ಶುರು ಮಾಡಿದರು. ದೊಡ್ಡ ಹೋಟೆಲಿನ ಅಡುಗೆಯವರು, ಮದುವೆ ಅಡುಗೆಯ ಗುತ್ತಿಗೆದಾರರು, ಚಾಕುವಿನ ಹುಚ್ಚಿರುವ ಶ್ರೀಮಂತರು ಎಲ್ಲರೂ ಬರತೊಡಗಿದರು. ಅಲಗು ಚೆನ್ನಾಗಿ ಬರುತ್ತಿತ್ತು, ಹಿಡಿ ಕೂರುತ್ತಿರಲಿಲ್ಲ. ಒಮ್ಮೆ ಶಿರಾ ಸಂತೆಯಲ್ಲಿ ಮಾಂಸ ಕಡಿಯುವವರೊಬ್ಬರ ಕೈಯಲ್ಲಿದ್ದ ಮಚ್ಚನ್ನು ಹಿಡಿದು ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಂಡು ಅವರು ಈ ಅಂಗಳಕ್ಕೆ ಬಂದರು. ಅಂದಿನಿಂದ ಅಲಗುಗಳು ಮಧುಗಿರಿಯಿಂದ ಬಸ್ಸಿನಲ್ಲಿ ಬರುತ್ತವೆ, ಹಿಡಿ ಹಾಕಿಸಿಕೊಂಡು ಹಿಂತಿರುಗುತ್ತವೆ.

ಹೊನ್ನಕ್ಕನ ಮರದ ರಾಶಿ ನೋಡಬೇಕಾದದ್ದು. ಅಂಗಡಿಯ ಹೊಸ ಮರ ಅವರಿಗೆ ಆಗುವುದಿಲ್ಲ, ಅದು ಒಣಗುತ್ತ ಒಣಗುತ್ತ ಮೈ ತಿರುಗಿಸುತ್ತದೆ. ಅವರಿಗೆ ಬೇಕಾದದ್ದು ಬಿಸಿಲು ಮಳೆ ಎರಡನ್ನೂ ಕಂಡ ಹಳೆಯ ಮರ. ಪಾವಗಡದ ಕಡೆ ತಿರುಮಣಿ, ವಳ್ಳೂರಿನ ಹೊಲಗಳು ಸೋಲಾರ್ ವಿದ್ಯುತ್ ಪಾರ್ಕಿಗೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಗಾಡಿ, ನೊಗ, ನೇಗಿಲು ಸುಮ್ಮನೆ ಬಿದ್ದಿದ್ದವು. ಅವನ್ನು ಕೇಳಿ ತರುವುದು ಹೊನ್ನಕ್ಕನೇ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. "ಇದು ಕಮರ, ನೀರಿಗಾಕಿದ್ರೆ ಮುಳುಗ್ತೈತೆ. ಇದು ಜಾಲಿ. ಇದು ಹುಣಸೆ ಚೇಗು, ಒಳಗಿನ ಗಟ್ಟಿ ಮರ. ಈ ತುಂಡು ಐತಲ್ಲ, ನೇಗಿಲ ಹಿಡಿ. ನೇಗಿಲ ಹಿಡಿಯಾಗಿದ್ದು ಈಗ ಚಾಕು ಹಿಡಿ ಆಗ್ತೈತೆ. ಕೈಯ ಬೆವರು ಕುಡ್ದು ಕುಡ್ದು ಹೆಂಗೆ ನುಣ್ಣಗಾಗೈತೆ ನೋಡಿ." ಪಕ್ಕದಲ್ಲೇ ಟಗರಿನ ಕೊಂಬುಗಳು. ಅವನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆಗಳ ನಡುವೆ ಒತ್ತಿಟ್ಟು ನೆಟ್ಟಗೆ ಮಾಡುತ್ತಾರೆ. ಆ ದಿನ ಬೀದಿಯ ಆ ತುದಿಯವರೆಗೂ ವಾಸನೆ.

ಲೋಹಿತಾ ಮದುವೆಯಾಗಿ ಬಂದಾಗ ಅವರಿಗೆ ಅರ ಹಿಡಿಯಲು ಕಲಿಸಿದವರು ಹೊನ್ನಕ್ಕನೇ. ಹಿಡಿಯ ಎರಡು ಹೋಳುಗಳನ್ನು, ಹಿಡಿಯೊಳಗೆ ಸೇರುವ ಅಲಗಿನ ಬಾಲಕ್ಕೆ ಅಂಟಿಸುವುದು, ಹಿತ್ತಾಳೆ ಮೊಳೆ ಹೊಡೆಯುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಅಗಸೆ ಎಣ್ಣೆ ಕುಡಿಸುವುದು, ಎಲ್ಲವನ್ನೂ. ಅತ್ತಿಗೆ ನಾದಿನಿ ಎದುರುಬದುರು ಕೂತು ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದರೆಂದು ಅಕ್ಕಪಕ್ಕದವರು ಈಗಲೂ ನೆನೆಯುತ್ತಾರೆ.

ಆಮೇಲೆ ಫೈಬರ್ ಬಂತು. ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ರಾಳದ ಅಂಟಿನಲ್ಲಿ ನೆನೆಸಿ, ಒತ್ತಿ, ಕಲ್ಲಿನಷ್ಟು ಗಟ್ಟಿ ಮಾಡಿದ ಹಾಳೆಗಳು. ನೀಲಿ, ಹಸಿರು, ಕಪ್ಪು, ಬೇಕಾದ ಬಣ್ಣ. ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ಎಣ್ಣೆ ಕೇಳುವುದಿಲ್ಲ. ಗಿರಾಕಿಗಳು ಕೇಳುತ್ತಿದ್ದಾರೆ ಎಂದು ರೇಣುಕಪ್ರಸಾದ್ ಹಾಳೆಗಳನ್ನೂ ಉಜ್ಜುವ ಯಂತ್ರವನ್ನೂ ತಂದು ಮೊದಲು ಹೊನ್ನಕ್ಕನ ಮುಂದೆಯೇ ಇಟ್ಟರು. ಹೊನ್ನಕ್ಕ ಮೂಸಿ ನೋಡಿ, "ಇದು ಆಸ್ಪತ್ರೆ ನಾತ ಹೊಡೀತೈತೆ, ನಂಗೆ ಬ್ಯಾಡ" ಎಂದರು. ಬಾಗಿಲ ಬಳಿ ನಿಂತಿದ್ದ ಲೋಹಿತಾ, "ನಾನು ಮಾಡ್ಲಾ ಅತ್ತಿಗೆ?" ಎಂದು ಕೇಳಿದರು. "ಮಾಡ್ಕೋ ಹೋಗು" ಎಂದರು ಹೊನ್ನಕ್ಕ. ಆ ಮಾತನ್ನು ನೆನೆದು ಇವತ್ತಿಗೂ ತಮ್ಮ ಬಾಯಿಗೆ ತಾವೇ ಶಾಪ ಹಾಕಿಕೊಳ್ಳುತ್ತಾರೆ.

ಏಕೆಂದರೆ ವರ್ಷ ತಿರುಗುವುದರೊಳಗೆ ಬರುವ ಅಲಗುಗಳಲ್ಲಿ ಹೆಚ್ಚಿನವು ಅಂಗಳದ ಆಚೆ ಬದಿಗೆ ಹೋಗತೊಡಗಿದವು. ಯಾರೋ ಹೆಸರಾಂತ ಅಡುಗೆಯವರು ಲೋಹಿತಾ ಮಾಡಿದ ನೀಲಿ ಹಿಡಿಯ ಚಾಕು ಹಿಡಿದು ಈರುಳ್ಳಿ ಹೆಚ್ಚುವ ವಿಡಿಯೊ ಊರಿನ ಎಲ್ಲರ ಫೋನಿಗೂ ಬಂತು. ಯತ್ತಪ್ಪನ ಫೋನಿಗೂ ಬಂತು. ಅವರು ಅದನ್ನು ಹೆಂಡತಿಗೆ ಖುಷಿಯಿಂದ ತೋರಿಸಿ, ಆ ರಾತ್ರಿ ತಣ್ಣಗಿನ ಮುದ್ದೆ ತಿಂದರು.

ಹೊನ್ನಕ್ಕ ಮುಚ್ಚುಮರೆ ಮಾಡುವವರಲ್ಲ. "ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ. ಬೇರೆ ಹೆಸ್ರು ಯಾಕೆ ಹೇಳ್ಲಿ? ಅವ್ಳು ನಕ್ರೆ ನಂಗೆ ಉರಿ. ಕೊರಿಯರ್ ಗಾಡಿ ಅವ್ಳ ಬಾಗ್ಲಿಗೆ ನಿಂತ್ರೆ ಉರಿ. ಒಂದಿನ ಅವ್ಳಿಲ್ದಾಗ ಹೋಗಿ ಅವ್ಳು ಮಾಡಿದ್ ಹಿಡಿ ತಗಂಡು ಹುಳುಕು ಹುಡುಕ್ತಾ ಕೂತ್ಕಂಡೆ. ಸಂದು ಇಲ್ಲ, ಗೀರು ಇಲ್ಲ, ಮೊಳೆ ಎದ್ದಿಲ್ಲ. ಏನೂ ಸಿಗ್ಲಿಲ್ಲ ಕಣಮ್ಮ. ನಾನೇ ಕಲಿಸಿದ್ದಲ್ವಾ, ಹೆಂಗೆ ಸಿಗ್ತೈತೆ? ಅದು ಇನ್ನೂ ದೊಡ್ಡ ಉರಿ." ತಮ್ಮ ಒಳ್ಳೆಯ ಅರವನ್ನು ಲೋಹಿತಾಗೆ ಕೊಡುವುದನ್ನು ನಿಲ್ಲಿಸಿದರು. ಮಾತು ಕಡಿಮೆಯಾಯಿತು. ಹಾಡು ನಿಂತೇಹೋಯಿತು.

ಇಷ್ಟೇ ಆಗಿದ್ದರೆ ಇದು ಎಲ್ಲ ಅಂಗಳಗಳ ಕತೆಯಾಗುತ್ತಿತ್ತು. ಆದರೆ ಕೊರಟಗೆರೆಯಿಂದ ಚನ್ನಮಲ್ಲಯ್ಯ ಬಂದರು.

ಚನ್ನಮಲ್ಲಯ್ಯ ಮದುವೆ ಅಡುಗೆಯ ಗುತ್ತಿಗೆದಾರರು. ಅವರ ತಂಡಕ್ಕೆ ತರಕಾರಿ ಹೆಚ್ಚುವ ಚಾಕುಗಳು ಬೇಕಿದ್ದವು. ಹಿಡಿಯನ್ನು ಕೈ ನೋಡಿಯೇ ಮಾಡಬೇಕು ಎಂದು ಹೆಚ್ಚುವ ಕೆಲಸದ ಹಿರಿಯಾಳು ಜಗದಾಂಬ ಅವರನ್ನೂ ಜೊತೆಗೆ ಕರೆತಂದಿದ್ದರು. ಹೊನ್ನಕ್ಕ ತಮ್ಮ ಪದ್ಧತಿಯಂತೆ ಹದ ಮಾಡಿದ ಜೇಡಿಮಣ್ಣಿನ ಉಂಡೆಯನ್ನು ಜಗದಾಂಬರ ಕೈಗೆ ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದರು. ಬೆರಳು ಎಲ್ಲಿ ಒತ್ತಿವೆ, ಅಂಗೈ ಎಲ್ಲಿ ತುಂಬಿದೆ ಎಂಬುದೆಲ್ಲ ಮಣ್ಣಿನಲ್ಲಿ ಮೂಡಿತು.

"ಯಾವುದರಲ್ಲಿ ಮಾಡ್ತೀರಕ್ಕ? ಮರದಲ್ಲೋ ಫೈಬರಲ್ಲೋ?" ಎಂದು ಚನ್ನಮಲ್ಲಯ್ಯ ಕೇಳಿದರು. "ನಮ್ಮದು ದಿನಾ ನೀರಲ್ಲೇ ಕೆಲಸ. ರಾತ್ರಿ ಚಾಕುಗಳನ್ನೆಲ್ಲ ಬಿಸಿನೀರಿನ ಕೊಳಗಕ್ಕೆ ಹಾಕಿಬಿಡ್ತಾರೆ. ನಮಗೆ ಗೊತ್ತಾಗಲ್ಲ, ನೀವೇ ಹೇಳಿ."

ಅಷ್ಟರಲ್ಲಿ ಲೋಹಿತಾ ಫೈಬರ್ ತುಂಡುಗಳನ್ನು ಕೈಯಲ್ಲಿ ಹಿಡಿದು ಅಂಗಳ ದಾಟಿ ಬರುತ್ತಿದ್ದರು. ಹೊನ್ನಕ್ಕನಿಗೆ ಉತ್ತರ ಗೊತ್ತಿತ್ತು. ಬಿಸಿನೀರಿನಲ್ಲಿ ಮುಳುಗುವ ಚಾಕುವಿಗೆ ಮರ ಹಾಕಬಾರದೆಂದು ಅವರ ಅಪ್ಪನೇ ಹೇಳಿದ್ದರು. ಆದರೂ ಬಾಯಿಂದ ಬಂದದ್ದು ಒಂದೇ ಮಾತು.

"ಮರ."

"ಅತ್ತಿಗೆ, ಬಿಸಿನೀರಲ್ಲಿ ನೆನೆ ಹಾಕ್ತಾರಂತೆ..." ಎಂದು ಲೋಹಿತಾ ರಾಗ ಎಳೆದರು.

"ನೀನ್ ಸುಮ್ಕಿರು. ಕಮರ ಹಾಕ್ತೀನಿ. ಕಬ್ಬಿಣಾನೇ ಸವೆದೀತು, ಕಮರ ಸವೆಯಾಕಿಲ್ಲ."

ಲೋಹಿತಾ ಬಂದ ಹಾಗೆಯೇ ಹಿಂತಿರುಗಿದರು. ಆ ಚಾಕುಗಳಷ್ಟು ಚೆಂದದ ಕೆಲಸವನ್ನು ತಾನು ಎಂದೂ ಮಾಡಿರಲಿಲ್ಲ ಎನ್ನುತ್ತಾರೆ ಹೊನ್ನಕ್ಕ. ಕಡುಗೆಂಪು ಹಿಡಿಗಳು, ಮೇಲೆ ಹಿತ್ತಾಳೆಯ ಹೊಳಪು. ಚನ್ನಮಲ್ಲಯ್ಯ ಫೋನ್ ಮಾಡಿ ಹೊಗಳಿದರು. ಲೋಹಿತಾಗೆ ಕೇಳಿಸಲೆಂದೇ ಹೊನ್ನಕ್ಕ ಸ್ಪೀಕರ್ ಹಾಕಿ ಅಂಗಳದ ನಡುವೆ ನಿಂತು ಮಾತಾಡಿದರು.

ಕೆಲವು ತಿಂಗಳು ಕಳೆದವು. ಮಧುಗಿರಿಯ ಒಂದು ಮದುವೆಯಲ್ಲಿ, ಬೆಳಗಿನ ತಿಂಡಿಗೆ ಕುಂಬಳಕಾಯಿ ಹೆಚ್ಚುತ್ತಿದ್ದಾಗ ಜಗದಾಂಬರ ಕೈಯಲ್ಲಿದ್ದ ಹಿಡಿ ಬಿಟ್ಟುಕೊಂಡಿತು. ದಿನವೂ ನೆನೆದು ಉಬ್ಬಿ, ಒಣಗಿ ಕುಗ್ಗಿ, ಅಂಟು ಬಿಟ್ಟು ಮೊಳೆಯ ಸುತ್ತ ಸೀಳಿತ್ತು. ಬಲ ಹಾಕಿ ಒತ್ತಿದ್ದರಿಂದ ಅಲಗು ತಿರುಗಿ ಅಂಗೈಯನ್ನು ಅಡ್ಡಕ್ಕೆ ಕುಯ್ದಿತು. ಹೊಲಿಗೆ ಹಾಕಿಸಬೇಕಾಯಿತು.

ಸುದ್ದಿ ತಿಳಿಸಲು ರೇಣುಕಪ್ರಸಾದ್ ಫೋನ್ ಮಾಡಿದರು. ಬೈಯಲಿಲ್ಲ. "ಮರದಲ್ಲೇ ಏನೋ ದೋಷ ಇತ್ತು ಅಂತ ಕಾಣುತ್ತೆ ಅಕ್ಕ. ಹಳೇ ಮರ ಅಲ್ವಾ, ಒಳಗೆ ಏನಿರುತ್ತೋ ಯಾರಿಗೆ ಗೊತ್ತು. ಇನ್ನು ಮೇಲೆ ಮರದ ಕೆಲಸ ಕಡಿಮೆ ಮಾಡೋಣ" ಎಂದರು.

ಹೂಂ ಎಂದುಬಿಟ್ಟಿದ್ದರೆ ಹೊನ್ನಕ್ಕನ ತಲೆಗೆ ಏನೂ ಬರುತ್ತಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದಿದ್ದರು ಕೂಡ. "ಆಗ ಆ ತುಂಡು ಕಣ್ಮುಂದೆ ಬಂತು ಕಣಮ್ಮ. ಅರವತ್ತು ವರ್ಷ ಗಾಡಿ ಹೊತ್ತ ಮರ ಅದು. ಒಂದು ಗಂಟಿಲ್ಲ, ಒಂದು ಹುಳ ಇಲ್ಲ. ತಪ್ಪನ್ನ ಅದ್ರ ಮೇಲೆ ಹಾಕ್ಬುಟ್ರೆ ಅದೇನು ಎದ್ದು ಬಂದು ಮಾತಾಡ್ತೈತಾ? ನಂಗೆ ತಡ್ಕಳಾಕೆ ಆಗ್ಲಿಲ್ಲ. ಮರದ್ದೇನೂ ತಪ್ಪಿಲ್ಲ, ನಾನು ಹಾಕ್ಬಾರದ ಕಡೆ ಹಾಕ್ದೆ ಅಂದ್ಬುಟ್ಟೆ."

ಮರುದಿನ ಮೊದಲ ಬಸ್ಸಿಗೆ ಹೊನ್ನಕ್ಕ ಕೊರಟಗೆರೆಗೆ ಹೋದರು. ಜಗದಾಂಬ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಹೊನ್ನಕ್ಕ ಒಳಗೂ ಹೋಗದೆ, ನೀರೂ ಮುಟ್ಟದೆ, ನಿಂತಲ್ಲೇ ಎಲ್ಲ ಹೇಳಿದರು. ಫೈಬರ್ ಹಾಕಬೇಕಿತ್ತು, ಗೊತ್ತಿದ್ದೂ ಮರ ಹಾಕಿದೆ, ತಮ್ಮನ ಹೆಂಡತಿಯ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದೆ ಎಂದರು.

ಜಗದಾಂಬ ಬ್ಯಾಂಡೇಜಿನ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ, "ನಂಗೂ ನನ್ನ ಓರಗಿತ್ತಿ ಮೇಲೆ ಐತೆ ಕಣಕ್ಕ, ಇಲ್ಲ ಅನ್ನಲ್ಲ. ಹಂಗಂತ ನಾನು ಊರೋರ ಕೈ ಕುಯ್ಯಕ್ಕೆ ಹೋಗ್ಲಿಲ್ಲ" ಎಂದರು.

ಈ ಮಾತನ್ನು ನನಗೆ ಹೇಳುವಾಗ ಹೊನ್ನಕ್ಕ ಅರವನ್ನು ಕೆಳಗಿಟ್ಟರು. "ಬೈದಿದ್ರೆ ಚೆನ್ನಾಗಿತ್ತು. ಆ ಮಾತು ಇವತ್ತಿಗೂ ಇಲ್ಲೇ ಕುಂತೈತೆ" ಎಂದು ತಮ್ಮ ಅಂಗೈಯನ್ನು ಮುಟ್ಟಿ ತೋರಿಸಿದರು.

ಹೊರಡುವಾಗ ಜಗದಾಂಬ ಒಂದು ಕೆಲಸ ಹೇಳಿದರು. ಚಾಕುಗಳಿಗೆ ಬೇರೆ ಹಿಡಿ ಹಾಕಿಕೊಡಬೇಕು. ಫೈಬರೇ ಹಾಕಲಿ. "ಆದ್ರೆ ಹಿಡಿಯ ಆಕಾರ ಅದೇ ಇರ್ಲಿ. ಅದು ನನ್ ಕೈಗೆ ಕೂತಿತ್ತು. ದಿನವೆಲ್ಲ ಹೆಚ್ಚಿದ್ರೂ ಹೆಬ್ಬೆಟ್ಟು ನೋಯ್ತಿರ್ಲಿಲ್ಲ."

ಚಾಕುಗಳನ್ನು ಚೀಲಕ್ಕೆ ಹಾಕಿಕೊಂಡು ಕೊರಟಗೆರೆಯಿಂದ ಊರಿಗೆ ಬಂದದ್ದು ಸುಲಭವಾಗಿತ್ತು. ಬೇವಿನ ಮರದ ಬುಡದಿಂದ ತಗಡಿನ ಶೆಡ್ಡಿನವರೆಗೆ ಹೋಗುವುದೇ ಕಷ್ಟವಾಯಿತು. ಎರಡು ದಿನ ಹೊನ್ನಕ್ಕ ಆ ಚಾಕುಗಳನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡಿದರು. ಮೂರನೆಯ ದಿನ ಶೆಡ್ಡಿನ ಬಾಗಿಲಲ್ಲಿ ನಿಂತರು. ಲೋಹಿತಾ ಯಂತ್ರ ನಿಲ್ಲಿಸಿ, ಮುಖಕ್ಕೆ ಕಟ್ಟಿದ್ದ ಮಾಸ್ಕ್ ಇಳಿಸಿದರು.

"ಇವಕ್ಕೆ ಫೈಬರ್ ಹಾಕ್ಕೊಡು."

"ಹೂಂ ಅತ್ತಿಗೆ."

ಅವತ್ತೇ ಹೇಳಿದ್ದೆನಲ್ಲ ಎಂದು ಲೋಹಿತಾ ಅನ್ನಲಿಲ್ಲ. ಅಂದಿದ್ದರೆ ಚೀಲ ವಾಪಸು ತರುತ್ತಿದ್ದೆ ಎನ್ನುತ್ತಾರೆ ಹೊನ್ನಕ್ಕ. ಆದರೆ ಮರುದಿನ ಲೋಹಿತಾ ತಾವೇ ಅಂಗಳ ದಾಟಿ ಬಂದರು. ಕೈಯಲ್ಲಿ ಜಗದಾಂಬರ ಚಾಕು, ಅದಕ್ಕೊಂದು ಕಪ್ಪು ಹಿಡಿ. ಎಷ್ಟು ಉಜ್ಜಿದರೂ ಅಂಗೈ ತುಂಬುವ ಆ ಉಬ್ಬು ಬರುತ್ತಿಲ್ಲ ಎಂದರು. ಯಂತ್ರ ಅಚ್ಚಿನ ಪ್ರಕಾರ ಉಜ್ಜುತ್ತದೆ, ಒಬ್ಬರ ಕೈ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹೊನ್ನಕ್ಕ ಜೇಡಿಮಣ್ಣಿನ ಒಣಗಿದ ಉಂಡೆಯನ್ನು ಗೂಡಿನಿಂದ ತೆಗೆದರು. ತಾವು ಮುಟ್ಟುವುದಿಲ್ಲ ಎಂದಿದ್ದ ಫೈಬರನ್ನು ಮೂಗಿಗೆ ಸೆರಗು ಕಟ್ಟಿಕೊಂಡು ಉಜ್ಜತೊಡಗಿದರು. ಲೋಹಿತಾ ಒಳಗೆ ಹೋಗಿ ಇನ್ನೊಂದು ಮಾಸ್ಕ್ ತಂದು, ಅತ್ತಿಗೆಯ ಕಿವಿಗೆ ತಾವೇ ಸಿಕ್ಕಿಸಿದರು.

ಆ ಚಾಕುಗಳು ಈಗಲೂ ಕೊರಟಗೆರೆಯಲ್ಲಿ ಓಡಾಡುತ್ತಿವೆ. ಜಗದಾಂಬ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಒಂದು ಬೆರಳು ಪೂರ್ತಿ ಮಡಿಚಲು ಬರುವುದಿಲ್ಲ. ಅದಕ್ಕೆಂದು ಹೊನ್ನಕ್ಕ ಅವರ ಹಿಡಿಯಲ್ಲಿ ಆ ಬೆರಳಿನ ಜಾಗವನ್ನು ಸ್ವಲ್ಪ ತೋಡಿಕೊಟ್ಟಿದ್ದಾರೆ.

ಇಷ್ಟಾದ ಮೇಲೆ ಹೊನ್ನಕ್ಕನ ಹೊಟ್ಟೆಕಿಚ್ಚು ಆರಿತೇ ಎಂದು ಕೇಳಿದೆ. "ಎಲ್ಲಿ ಆರ್ತೈತೆ? ಬೆಳಗ್ಗೆ ನೋಡಿದ್ರಲ್ಲ" ಎಂದರು. ಬದಲಾದದ್ದು ಒಂದೇ. ಯಾರು ಬಂದರೂ ಮೊದಲು, ಚಾಕುವಿಗೆ ದಿನವೂ ಎಷ್ಟು ನೀರು ಸೋಕುತ್ತದೆ ಎಂದು ಕೇಳುತ್ತಾರೆ. ನಾನಿದ್ದಾಗಲೇ ಶಿರಾದ ಮಾಂಸದಂಗಡಿಯವರೊಬ್ಬರು ಬೈಕಿನಲ್ಲಿ ಬಂದರು. ಅವರಿಗೆ ಕೊಂಬಿನ ಹಿಡಿಯ ಮೇಲೆ ಕಣ್ಣು. "ಏಕ್‌ದಂ ನವಾಬ್ ಥರ ಕಾಣ್ತೈತೆ ಅಕ್ಕಾ, ಇದೇ ಹಾಕಿ" ಎಂದರು.

"ನೋಡಾಕೆ ಚೆಂದ. ನಿಮ್ದು ರಕ್ತ, ಕೊಬ್ಬು, ನೀರು. ದಿನಾ ತೊಳೀಬೇಕು, ಸಂದಿಗೆಲ್ಲ ಇಳೀತೈತೆ, ನಾತ ಬರ್ತೈತೆ. ಕುರಿಗಾರ ಬಂದಿದ್ರೆ ಮರ ಹಾಕ್ತಿದ್ದೆ, ಅವ್ನ ಕೈ ಒಣ, ಬಿಸ್ಲಲ್ಲಿ ಮರ ತಣ್ಣಗಿರ್ತೈತೆ. ಮನೇಲಿ ಒರೆಸಿ ಒರೆಸಿ ಇಟ್ಕಳೋರಾದ್ರೆ ಕೊಂಬು ಹಾಕ್ತಿದ್ದೆ. ನಿಮ್ಗೆ..." ಎಂದು ಹೊನ್ನಕ್ಕ ತಡೆದರು. ಒಮ್ಮೆ ಉಸಿರೆಳೆದುಕೊಂಡರು. "ನಿಮ್ಗೆ ಫೈಬರ್. ಆ ಶೆಡ್ಡಿಗೆ ಹೋಗಿ."

ಗಿರಾಕಿ ಆ ಕಡೆ ಹೋದ ಮೇಲೆ ನನ್ನ ಕಡೆ ತಿರುಗಿ, "ಆ ಮಾತು ಬಾಯಿಂದ ಬರಬೇಕಾದ್ರೆ ಹಲ್ಲು ಕಿತ್ತಂಗಾಗ್ತೈತೆ" ಎಂದರು.

ಲೋಹಿತಾ ಅವರನ್ನು ಮಾತಾಡಿಸದೆ ಹೋಗುವುದು ಸರಿಯಲ್ಲ ಎನಿಸಿ ನಾನೂ ಶೆಡ್ಡಿಗೆ ಹೋದೆ. ಹೊನ್ನಕ್ಕನೂ ಏನೋ ನೆಪ ಮಾಡಿಕೊಂಡು ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತರು. ಲೋಹಿತಾ ಮಿತಮಾತಿನವರು. ರೆಪ್ಪೆಯ ಮೇಲೆಲ್ಲ ನೀಲಿ ಪುಡಿ ಕೂತಿತ್ತು. ಇಷ್ಟೊಂದು ಬೇಡಿಕೆ ಇದೆಯಲ್ಲ, ಖುಷಿ ಅಲ್ಲವೇ ಎಂದು ಕೇಳಿದೆ.

"ಖುಷಿ ಇಲ್ದೆ ಏನು ಮೇಡಂ" ಎಂದರು. ಸ್ವಲ್ಪ ಹೊತ್ತು ಕೈಯ ಪುಡಿ ಒರೆಸಿಕೊಂಡರು. "ಆದ್ರೆ ನನ್ ಹಿಡಿ ಹಿಡಿದೋರ ಮುಖಾನೇ ನಾನು ನೋಡಿಲ್ಲ. ಹಾಳೆ ಕೊರಿಯರ್‌ನಲ್ಲಿ ಬರ್ತೈತೆ, ಹಿಡಿ ಕೊರಿಯರ್‌ನಲ್ಲಿ ಹೋಗ್ತೈತೆ. ಅತ್ತಿಗೆ ಹತ್ರ ಜನ ಬರ್ತಾರೆ. ಕೂತು ಕೈ ಚಾಚ್ತಾರೆ, ಮನೆ ಕತೆ ಹೇಳ್ಕಂತಾರೆ, ಹೋಗುವಾಗ ಕಾಲಿಗೆ ಬೀಳೋರೂ ಅವ್ರೆ. ನಾನು ಈ ಕಿಟಕೀಲಿ ನೋಡ್ತಾ ಇರ್ತೀನಿ. ಮೇಡಂ, ನಿಜ ಹೇಳ್ಲಾ? ನಂಗೆ ಹೊಟ್ಟೆ ಉರೀತೈತೆ."

ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಿನಿಂದ ಸರಿದು ಹೋದರು.

ಊಟ ಮುಗಿಸಿ ಹೊರಟೆ. ಬಸ್ಸು ಹತ್ತಿಸಲು ರಸ್ತೆಯವರೆಗೂ ಬಂದರು ಹೊನ್ನಕ್ಕ. ಬಸ್ಸು ದೂರದಲ್ಲಿ ಕಾಣಿಸಿದಾಗ ನನ್ನ ತೋಳು ಹಿಡಿದು ನಿಲ್ಲಿಸಿದರು. ಬೆಳಗಿನಿಂದ ಆ ಮುಖದಲ್ಲಿ ಕಾಣದಿದ್ದ ನಗು ಈಗ ತಡೆದರೂ ನಿಲ್ಲುತ್ತಿರಲಿಲ್ಲ.

"ಕೇಳಿಸ್ಕಂಡ್ರಾ? ಹೊಟ್ಟೆಕಿಚ್ಚಂತೆ ಅವ್ಳಿಗೆ. ನನ್ ಮೇಲೆ! ಬೇರೇದೇನು ಬರೀದಿದ್ರೂ ನಡೀತೈತೆ ಕಣಮ್ಮ. ಅದೊಂದು ಮಾತ್ರ ಅವ್ಳು ಹೇಳಿದಂಗೇ ಬರೀರಿ."